ಬಿ.ಎ. ಮೊದಲ ವರ್ಷಕ್ಕೆ ಬರವಣಿಗೆ ಕಲಿಸುವ ಮೇಷ್ಟ್ರನ್ನು ಆರಿಸುವುದು ಹೇಗೆ?

ಆಲೂರು, ಸಕಲೇಶಪುರದ ಕಡೆಯಿಂದ ಹಾಸನಕ್ಕೆ ಬಸ್ಸಲ್ಲಿ ಬರುವ ಮಕ್ಕಳು ಕಾಡಾನೆ ಕಾಟದ ಬಗ್ಗೆ ಅರ್ಧ ಗಂಟೆ ಸೊಗಸಾಗಿ ಮಾತಾಡುತ್ತಾರೆ. ಅದನ್ನೇ ಒಂದು ಪುಟ ಬರೆಯಿರಿ ಅಂದರೆ ಗೈಡಿನ ವಾಕ್ಯ ಇಳಿಸಿಬಿಡುತ್ತಾರೆ. ಬುದ್ಧಿಗೇನೂ ಕಮ್ಮಿ ಇಲ್ಲ. ಅವರು ಬರೆದದ್ದನ್ನು ಕೂತು ಓದಿ ಮಾತಾಡಿದವರು ಇಲ್ಲಿಯವರೆಗೆ ಯಾರೂ ಸಿಕ್ಕಿಲ್ಲ. ಈ ಕೆಲಸಕ್ಕೆ ಬೇಕಾಗಿರುವುದು ಅಂಥ ಒಬ್ಬ ಓದುಗರು.

ಸರ್ಕಾರಿ ಪದವಿ ಕಾಲೇಜುಗಳಿಗೆ ಅತಿಥಿ ಉಪನ್ಯಾಸಕರು ಇಲಾಖೆಯ ಕೌನ್ಸೆಲಿಂಗ್ ಮೂಲಕ ಬರುತ್ತಾರೆ. ಹಾಗಾಗಿ ಇಲ್ಲಿ ಹೇಳುವುದು ಹೆಚ್ಚಾಗಿ ತಾವೇ ಸಂದರ್ಶನ ಮಾಡಿ ಆರಿಸುವ ಕಾಲೇಜುಗಳಿಗೆ.

ಮೊದಲು ಗಂಟೆಗಳ ಲೆಕ್ಕ ಹಾಕಿ

ಒಂದು ಸೆಕ್ಷನ್‌ನಲ್ಲಿ 60 ಮಕ್ಕಳು ಅಂದುಕೊಳ್ಳಿ. ಒಂದು ಪ್ರಬಂಧ ಓದಿ ನಾಲ್ಕು ಮಾತು ಬರೆಯಲು 15 ನಿಮಿಷ. ಅಲ್ಲಿಗೆ ಒಂದು ಸಲದ ತಿದ್ದುವಿಕೆಗೇ 15 ಗಂಟೆ ಆಯಿತು, ಅಲ್ವಾ? ಅತಿಥಿ ಉಪನ್ಯಾಸಕರಿಗೆ ತರಗತಿಗೆ 1,500 ರೂಪಾಯಿವರೆಗೆ, ತಿಂಗಳಿಗೆ ಹೆಚ್ಚೆಂದರೆ 50,000 ಕೊಡಬಹುದು ಅಂತ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2019ರಲ್ಲಿ ಹೇಳಿತ್ತು. ಎಷ್ಟು ಕೊಟ್ಟರೂ ಲೆಕ್ಕ ಮಾತ್ರ ತರಗತಿಯದ್ದೇ. ಮನೆಯಲ್ಲಿ ಕೂತು ಓದಿದ ಗಂಟೆಗಳಿಗೆ ಕಾಸಿಲ್ಲ ಅಂದರೆ ಎಂಥ ಒಳ್ಳೆಯವರೂ ಟಿಕ್ ಹಾಕಿ ಕಳಿಸುವ ಹಂತಕ್ಕೆ ಬರುತ್ತಾರೆ. ಆದ್ದರಿಂದ ಓದುವ ಗಂಟೆಯನ್ನೂ ಕಾರ್ಯಭಾರಕ್ಕೆ ಸೇರಿಸಿ, ಇಲ್ಲವೇ ತಂಡವನ್ನು 25–30ಕ್ಕೆ ಇಳಿಸಿ. ಇದಕ್ಕೆ ಆಡಳಿತ ಮಂಡಳಿ ಒಪ್ಪಿದ ಮೇಲೇ ಜಾಹೀರಾತು ಕೊಡಿ.

ಅರ್ಹತೆಯ ವಿಷಯ ಸುಲಭ. ಯುಜಿಸಿಯ 2018ರ ನಿಯಮದಂತೆ ಎಂ.ಎ.ಯಲ್ಲಿ ಶೇ 55 ಅಂಕ, ಜೊತೆಗೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ, ಇಲ್ಲವೇ ಪಿಎಚ್.ಡಿ. ಇಂಗ್ಲಿಷ್ ಎಂ.ಎ.ನೇ ಆಗಬೇಕು ಅಂತ ಪಟ್ಟು ಹಿಡಿಯಬೇಡಿ. ನಮ್ಮ ಮಕ್ಕಳಲ್ಲಿ ಬಹಳಷ್ಟು ಜನ ಕನ್ನಡದಲ್ಲೇ ಬರೆಯುತ್ತಾರೆ. ಇತಿಹಾಸವನ್ನೋ ಸಮಾಜಶಾಸ್ತ್ರವನ್ನೋ ಓದಿದ, ಕನ್ನಡದಲ್ಲಿ ಚೆನ್ನಾಗಿ ಬರೆಯುವವರೂ ಬರಲಿ. ಹಾಸನದಲ್ಲಿ ಎಂ.ಎ. ಕಲಿಸುವ ಹೇಮಗಂಗೋತ್ರಿ ಕ್ಯಾಂಪಸ್ಸಿನ ವಿಭಾಗಗಳ ನೋಟಿಸ್ ಬೋರ್ಡಿಗೂ ಒಂದು ಪ್ರತಿ ಅಂಟಿಸಿ. ಅರ್ಜಿಯ ಜೊತೆ ಅವರೇ ಬರೆದ ಎರಡು ಪುಟ ಕೇಳಿ.

ಆಮೇಲೆ ಕೈಗೆ ಪೆನ್ ಕೊಡಿ

ನನ್ನ ಪ್ರಕಾರ ಆಯ್ಕೆ ಆಗಬೇಕಾದ್ದು ಇಲ್ಲೇ. ನಿಮ್ಮದೇ ವಿದ್ಯಾರ್ಥಿ ಬರೆದ ಪ್ರಬಂಧದ ಹೆಸರು ತೆಗೆದು ಜೆರಾಕ್ಸ್ ಮಾಡಿಸಿ, ಅಭ್ಯರ್ಥಿಗೆ ಕೊಟ್ಟು ಮುಕ್ಕಾಲು ಗಂಟೆ ಬಿಡಿ. ವಿಷಯ ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಅಂತಿಟ್ಟುಕೊಳ್ಳಿ. ‘ಇದು ಕ್ರಿ.ಶ. 450ರ ಶಾಸನ, ಕನ್ನಡದ ಮೊದಲ ಶಾಸನ’ ಅಂತ ಹುಡುಗಿ ಬರೆದಿದ್ದಾಳೆ. ಕೆಲವರು ಒತ್ತಕ್ಷರ, ಅಲ್ಪಪ್ರಾಣ ಮಹಾಪ್ರಾಣ ಅಂತ ಪುಟದ ತುಂಬಾ ಕೆಂಪು ಗೆರೆ ಎಳೆದು ಕೊಡುತ್ತಾರೆ. ಅದನ್ನು ನೋಡಿದ ಹುಡುಗಿ ಮತ್ತೆ ಗೈಡಿಗೇ ಹೋಗುತ್ತಾಳೆ. ಇನ್ನು ಕೆಲವರು ಅಂಚಿನಲ್ಲಿ ಹೀಗೆ ಬರೆಯುತ್ತಾರೆ: ‘ಶಾಸನದಲ್ಲಿ ಇಸವಿಯೇ ಇಲ್ಲವಲ್ಲಮ್ಮ, 450 ಅಂತ ಹೇಗೆ ಹೇಳುತ್ತಾರೆ? ಲಿಪಿ ನೋಡಿಯಾ, ಅದರಲ್ಲಿ ಬರುವ ಕದಂಬರ ಹೆಸರು ನೋಡಿಯಾ? ತಾಳಗುಂದದ ಶಾಸನ ಇನ್ನೂ ಹಳೆಯದು ಅನ್ನುವವರಿಗೆ ನೀನು ಏನು ಹೇಳ್ತೀಯ?’ ಇಂಥವರನ್ನು ಬಿಡಬೇಡಿ. ಕಾಗುಣಿತ ಬೇಡ ಅಂತಲ್ಲ, ಮುಂದಿನ ಡ್ರಾಫ್ಟಿಗೆ ತಿದ್ದಿದರಾಯಿತು. ಮೊದಲು ಅವಳಿಗೆ ಹೇಳಲು ಒಂದು ಮಾತು ಸಿಗಬೇಕು.

ಡೆಮೊ ಕ್ಲಾಸಿಗೆ ಬೋರ್ಡಿನ ಮುಂದೆ ಭಾಷಣ ಕೇಳಬೇಡಿ. ಎಂಟ್ಹತ್ತು ಮಕ್ಕಳನ್ನು ಅವರವರ ಬರಹದ ಜೊತೆ ಕೂರಿಸಿ, ಅಭ್ಯರ್ಥಿ ಪಕ್ಕದಲ್ಲಿ ಕೂತು ಹೇಗೆ ಮಾತಾಡುತ್ತಾರೆ ನೋಡಿ. ಮಕ್ಕಳು ಬಾಯಿ ಬಿಟ್ಟರಾ? ಕ್ಲಾಸ್ ಮುಗಿದ ಮೇಲೆ ಆ ಮಕ್ಕಳನ್ನೂ ಕೇಳಿ, ಅವರ ಅಭಿಪ್ರಾಯಕ್ಕೆ ಬೆಲೆ ಕೊಡಿ.

ಸಂದರ್ಶನದಲ್ಲಿ ಒಂದು ಪ್ರಶ್ನೆ ಖಂಡಿತ ಇರಲಿ: ಮೊಬೈಲಿನಲ್ಲಿ ಎಐ ಬರೆದುಕೊಟ್ಟ ಪ್ರಬಂಧ ತಂದರೆ ಏನು ಮಾಡುತ್ತೀರಿ? ‘ಸೊನ್ನೆ ಹಾಕ್ತೀನಿ’ ಅನ್ನುವವರಿಗಿಂತ ‘ಮೊದಲ ಡ್ರಾಫ್ಟ್ ಕ್ಲಾಸಿನಲ್ಲೇ ಕೈಯಲ್ಲಿ ಬರೆಸ್ತೀನಿ’ ಅನ್ನುವವರು ಮೇಲು.

ಕೊನೆಗೆ ಆದೇಶ ಪತ್ರ. ತಂಡದ ಗಾತ್ರ, ಓದುವ ಗಂಟೆ, ಸಂಬಳದ ತಾರೀಖು ಎಲ್ಲವೂ ಬರವಣಿಗೆಯಲ್ಲಿರಲಿ. ಒಬ್ಬೊಬ್ಬರ ಜೊತೆ ಕೂತು ಮಾತಾಡುವ ಸಮಯವನ್ನು ಊಟದ ಮೊದಲೇ ಇಡಿ, ಸಂಜೆ ಇಟ್ಟರೆ ಬಸ್ಸಿನ ಮಕ್ಕಳು ತಪ್ಪಿಸಿಕೊಳ್ಳುತ್ತಾರೆ. ಪತ್ರವನ್ನು ಸೆಮಿಸ್ಟರ್ ಶುರುವಾಗುವ ಮೊದಲೇ ಕೈಗೆ ಕೊಡಿ. ಇಂಟರ್ನಲ್ಸ್ ಹೊತ್ತಿಗೆ ಬಂದು ಸೇರಿಕೊಂಡವರಿಗೆ ಒಂದು ಡ್ರಾಫ್ಟನ್ನೂ ಎರಡು ಸಲ ಓದಲು ಪುರುಸೊತ್ತು ಸಿಗುವುದಿಲ್ಲ.