ಹಿಡುವಳಿ ಜಮೀನನ್ನು ‘ಅರಣ್ಯ’ ಎಂದರೆ ಏನು ಮಾಡಬೇಕು?

ಅಜ್ಜನ ಕಾಲದಿಂದ ಕಂದಾಯ ಕಟ್ಟುತ್ತಾ ಬಂದ ಜಮೀನು. ಒಂದು ದಿನ ಪಹಣಿ ತೆಗೆಸಿದರೆ ಹನ್ನೊಂದನೇ ಕಲಂನಲ್ಲಿ ‘ಅರಣ್ಯ’ ಎಂದು ಬರೆದಿರುತ್ತದೆ. ನೋಟಿಸ್ ಬಂದದ್ದು ಮನೆಯಲ್ಲಿ ಯಾರಿಗೂ ನೆನಪಿಲ್ಲ. ಇಂಥ ಸ್ಥಿತಿಯಲ್ಲಿ ಎಲ್ಲರೂ ಕೇಳುವುದು ಒಂದೇ: ಆ ಕಾನೂನೇ ಸಂವಿಧಾನಬಾಹಿರ ಎಂದು ಹೈಕೋರ್ಟಿಗೆ ಹೋಗಬಹುದೇ? ಹೋಗಬಹುದು. ಅದಕ್ಕೆ ಮೊದಲು ಮಾಡಬೇಕಾದ ಕೆಲಸಗಳಿವೆ.

ಮೊದಲು, ಯಾವ ಕಾನೂನು ಎಂದು ಗುರುತಿಸಿ. ಕರ್ನಾಟಕ ಅರಣ್ಯ ಕಾಯ್ದೆ 1963ರ ಸೆಕ್ಷನ್ 4 ಮೀಸಲು ಅರಣ್ಯ ಮಾಡುವ ಉದ್ದೇಶದ ಪ್ರಕಟಣೆಯಷ್ಟೇ. ಸೆಕ್ಷನ್ 17ರದು ಅಂತಿಮ ಅಧಿಸೂಚನೆ. ‘ಡೀಮ್ಡ್ ಅರಣ್ಯ’ ಎಂದಿದ್ದರೆ ಅದರ ಮೂಲ 1996ರ ಡಿಸೆಂಬರ್ 12ರ ಗೋದಾವರ್ಮನ್ ಪ್ರಕರಣದ ಆದೇಶ: ಜಮೀನು ಯಾರದೇ ಇರಲಿ, ನಿಘಂಟಿನ ಅರ್ಥದಲ್ಲಿ ಕಾಡಾಗಿದ್ದರೆ ಅದು ಅರಣ್ಯ. ಮರ ಕಡಿಯಲು ಅನುಮತಿ ಸಿಗದಿರುವುದೇ ತೊಂದರೆಯಾದರೆ 1976ರ ಮರಗಳ ಸಂರಕ್ಷಣಾ ಕಾಯ್ದೆ ನೋಡಬೇಕು.

ಎರಡನೆಯದು ಕಾಗದಪತ್ರ. ಇದಕ್ಕೆ ಹೆಚ್ಚು ಸಮಯ ಕೊಡಿ. ಹಳೆಯ ಕೈಬರಹದ ಪಹಣಿ, ಮ್ಯುಟೇಷನ್ (ಹಕ್ಕು ಬದಲಾವಣೆಯ ದಾಖಲೆ), ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ), ಸರ್ವೆ ನಕ್ಷೆ, ರಾಜ್ಯಪತ್ರದ ಪ್ರತಿ ತೆಗೆಸಿ. ನೋಟಿಸ್ ಹೊರಡಿಸಿದ್ದೇವೆ ಎಂದು ಇಲಾಖೆ ಹೇಳಿದರೆ, ಅದನ್ನು ಪಡೆದವರ ಸಹಿ ಎಲ್ಲಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಮುಂಬೈಯ ಗೋದ್ರೆಜ್ ಪ್ರಕರಣ ತೀರ್ಮಾನವಾದದ್ದು ಇದೇ ಪ್ರಶ್ನೆಯಲ್ಲಿ. ವಿಕ್ರೋಲಿಯ ಜಮೀನಿಗೆ 1927ರ ಅರಣ್ಯ ಕಾಯ್ದೆಯ ಸೆಕ್ಷನ್ 35(3)ರ ನೋಟಿಸ್ (ಖಾಸಗಿ ಕಾಡಿನ ಬಳಕೆಗೆ ನಿರ್ಬಂಧ ಹೇರುವ ಮೊದಲು ಮಾಲೀಕರ ತಕರಾರು ಕೇಳುವ ನೋಟಿಸ್) 1956ರ ರಾಜ್ಯಪತ್ರದಲ್ಲಿ ಬಂದಿತ್ತು. ಮುಂದೆ ಮಹಾರಾಷ್ಟ್ರದ ಖಾಸಗಿ ಅರಣ್ಯ ಸ್ವಾಧೀನ ಕಾಯ್ದೆ 1975ರ ಆಗಸ್ಟ್ 30ರಂದು ಜಾರಿಯಾಯಿತು; ಅಂಥ ನೋಟಿಸ್ ಪಡೆದ ಜಮೀನೂ ಅದರ ಲೆಕ್ಕದಲ್ಲಿ ಖಾಸಗಿ ಅರಣ್ಯ. ಜಮೀನು ಅಂದೇ ತನ್ನದಾಯಿತು ಎಂದು ಸರ್ಕಾರ ಹಕ್ಕು ಸಾಧಿಸಲು ಬಂದದ್ದು ಮಾತ್ರ 2006ರಲ್ಲಿ. ನಡುವೆ ಅನುಮತಿ ಪಡೆದೇ ಕಟ್ಟಡಗಳು ಎದ್ದಿದ್ದವು. ನೋಟಿಸ್ ಹೊರಡಿಸಿದರೆ ಸಾಲದು, ಮಾಲೀಕರ ಕೈಗೆ ತಲುಪಿರಬೇಕು. ಅರ್ಧ ಶತಮಾನ ಸುಮ್ಮನಿದ್ದ ನೋಟಿಸಿಗೆ ಜೀವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಜನವರಿ 30ರಂದು ತೀರ್ಪು ಕೊಟ್ಟಿತು. ಕಾಡು ಉಳಿಯಲೇಬೇಕು ಎನ್ನುವವಳು ನಾನು. ಆದರೂ ಹೇಳದೆ ಕೇಳದೆ ಒಬ್ಬರ ನೆಲ ತೆಗೆದುಕೊಳ್ಳುವುದನ್ನು ಒಪ್ಪಲಾರೆ.

ಮೂರನೆಯದಾಗಿ, ಸೆಕ್ಷನ್ 4ರ ಹಂತದಲ್ಲಿದ್ದರೆ ಅರಣ್ಯ ವ್ಯವಸ್ಥಾಪನಾಧಿಕಾರಿಯ ಮುಂದೆ ಗಡುವಿನೊಳಗೆ ಲಿಖಿತ ತಕರಾರು ಸಲ್ಲಿಸಿ, ಸ್ವೀಕೃತಿ ಪಡೆಯಿರಿ. ಇದನ್ನು ಬಿಟ್ಟು ಹೈಕೋರ್ಟಿಗೆ ಹೋದವರನ್ನು ನ್ಯಾಯಾಲಯ ಅಲ್ಲಿಗೇ ವಾಪಸು ಕಳಿಸುವುದುಂಟು.

ಇಷ್ಟಾದ ಮೇಲೆ ಸಂವಿಧಾನದ ಮಾತು. ಕಾಯ್ದೆಯನ್ನೇ ಕೆಡವುವುದು ಕಷ್ಟ. ಕೇರಳದ 1971ರ ಖಾಸಗಿ ಅರಣ್ಯ ಕಾಯ್ದೆ ಭೂಸುಧಾರಣೆಯ ಕಾನೂನು ಎಂಬ ಕಾರಣಕ್ಕೆ ವಿಧಿ 31ಎ (ಭೂಸುಧಾರಣೆಯ ಕಾನೂನುಗಳನ್ನು ಮೂಲಭೂತ ಹಕ್ಕಿನ ಪ್ರಶ್ನೆಯಿಂದ ಕಾಪಾಡುವ ವಿಧಿ) ರಕ್ಷಣೆಯಲ್ಲಿ 1973ರಲ್ಲಿ ಉಳಿಯಿತು. ನಮ್ಮ ಬಂಡೀಪುರದಾಚೆಯ, ತಮಿಳುನಾಡಿನ ಗೂಡಲೂರಿನಲ್ಲಿ ಮಾಲೀಕರು ಗೆದ್ದರು: ಅರಣ್ಯ ಭೂಮಿಯನ್ನು ತೆಗೆದುಕೊಳ್ಳುವುದು ಭೂಸುಧಾರಣೆಯಲ್ಲ ಎಂದು 1972ರಲ್ಲಿ ಸುಪ್ರೀಂ ಕೋರ್ಟ್ ಜನ್ಮಂ (ವಂಶಪಾರಂಪರ್ಯ ಭೂ ಒಡೆತನ) ಎಸ್ಟೇಟ್ ಕಾಯ್ದೆಯ ಆ ಭಾಗವನ್ನು ರದ್ದು ಮಾಡಿತು. ಸಂಸತ್ತು 1974ರಲ್ಲಿ ಆ ಕಾಯ್ದೆಯನ್ನು ಸಂವಿಧಾನದ ಒಂಬತ್ತನೇ ಅನುಸೂಚಿಗೆ, ಅಂದರೆ ಮೂಲಭೂತ ಹಕ್ಕಿನ ಪ್ರಶ್ನೆಯಿಂದ ರಕ್ಷಣೆ ಪಡೆದ ಕಾನೂನುಗಳ ಪಟ್ಟಿಗೆ, ಸೇರಿಸಿತು. 1973ರ ಏಪ್ರಿಲ್ 24ರ ನಂತರ ಹಾಗೆ ಸೇರಿದ ಕಾನೂನುಗಳನ್ನೂ ಸಂವಿಧಾನದ ಮೂಲರಚನೆಯ (ತಿದ್ದುಪಡಿಯಿಂದಲೂ ಕೆಡಿಸಲಾಗದ ಅದರ ತಿರುಳಿನ) ಒರೆಗೆ ಹಚ್ಚಬಹುದು ಎಂಬ ತೀರ್ಪಿಗೆ 2007ರವರೆಗೆ ಕಾಯಬೇಕಾಯಿತು.

ಇಂದು ಗಟ್ಟಿಯಾದ ಆಸರೆ ವಿಧಿ 300ಎ: ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ. ಬೆಂಗಳೂರಿನ ತಾತಗುಣಿಯ ರೋರಿಕ್ ಎಸ್ಟೇಟ್ ಪ್ರಕರಣದಲ್ಲಿ (2011) ಸ್ವಾಧೀನದ ಕಾಯ್ದೆ ಊರ್ಜಿತವಾಯಿತಾದರೂ, ಆಸ್ತಿ ತೆಗೆದುಕೊಳ್ಳಲು ಕಾನೂನು, ಸಾರ್ವಜನಿಕ ಉದ್ದೇಶ ಎರಡೂ ಬೇಕು ಎಂಬುದು ಸ್ಪಷ್ಟವಾಯಿತು. ನೋಟಿಸ್, ವಿಚಾರಣೆ, ಕಾರಣಸಹಿತ ಆದೇಶ ಮಾಲೀಕರ ಹಕ್ಕು ಎಂದು 2024ರ ಮೇ ತಿಂಗಳ ಕೋಲ್ಕತ್ತ ಮಹಾನಗರ ಪಾಲಿಕೆ ಪ್ರಕರಣ ಬಿಡಿಸಿ ಹೇಳಿತು.

ಕೊನೆಗೆ ವಿಧಿ 226ರ ರಿಟ್ ಅರ್ಜಿ, ಅಂದರೆ ಸರ್ಕಾರದ ಕ್ರಮವನ್ನು ನೇರವಾಗಿ ಹೈಕೋರ್ಟಿನಲ್ಲಿ ಪ್ರಶ್ನಿಸುವ ಅರ್ಜಿ. ಬೆಂಗಳೂರು, ಧಾರವಾಡ, ಕಲಬುರಗಿ ಪೈಕಿ ನಿಮ್ಮ ಜಿಲ್ಲೆ ಸೇರುವ ಪೀಠದಲ್ಲಿ ಸಲ್ಲಿಸಿ, ಮಧ್ಯಂತರ ತಡೆಯನ್ನೂ ಕೋರಿ. ಪ್ರಕರಣ ಇರುವಷ್ಟು ಕಾಲ ಒಂದು ಮರಕ್ಕೂ ಕೊಡಲಿ ಹಾಕಬೇಡಿ. ಪಹಣಿಯಲ್ಲಿ ಆ ಪದ ನಿಮ್ಮ ಕಣ್ಣಿಗೆ ಬಿದ್ದ ದಿನಾಂಕವನ್ನು ಇಂದೇ ಬರೆದಿಡಿ; ಇಷ್ಟು ತಡವಾಗಿ ಏಕೆ ಬಂದಿರಿ ಎಂದು ನ್ಯಾಯಮೂರ್ತಿಗಳು ಕೇಳಿಯೇ ಕೇಳುತ್ತಾರೆ.