ಬಕೆಟ್, ಡೇಟಾಬೇಸ್, ಆಪ್: ಎಲ್ಲಕ್ಕೂ ಒಂದೇ ಎಪಿಐ

ಆಪ್ ಓಡುವುದು ಕ್ಯೂಬರ್ನೆಟಿಸ್‌ನಲ್ಲಿ (ಹಲವು ಯಂತ್ರಗಳ ಮೇಲೆ ಆಪ್‌ಗಳನ್ನು ನಡೆಸುವ ವ್ಯವಸ್ಥೆ), ಫೈಲುಗಳಿರುವುದು ಎಸ್3 ಬಕೆಟ್‌ನಲ್ಲಿ (ಅಮೆಜಾನ್ ಕ್ಲೌಡಿನ ಫೈಲ್ ಸಂಗ್ರಹ), ಡೇಟಾಬೇಸ್ ಇನ್ನೆಲ್ಲೋ. ಒಂದೊಂದಕ್ಕೂ ಬೇರೆ ಟೂಲ್, ಬೇರೆ ಲಾಗಿನ್. ಯಾವ ಸೆಟ್ಟಿಂಗ್ ಯಾರು ಬದಲಿಸಿದರು ಅಂತ ಹುಡುಕುವುದರಲ್ಲೇ ದಿನ ಕಳೆದುಹೋಗುತ್ತದೆ, ಅಲ್ವಾ? ಇದನ್ನೆಲ್ಲ ಕ್ಯೂಬರ್ನೆಟಿಸ್ ಎಪಿಐ (ಅದಕ್ಕೆ ಆದೇಶ ಕೊಡುವ ದಾರಿ) ಒಂದರಿಂದಲೇ ನಡೆಸಬಹುದು. ಅದಕ್ಕೆ ಬೇಕಾದದ್ದು ಕ್ರಾಸ್‌ಪ್ಲೇನ್, 2018ರಲ್ಲಿ ಶುರುವಾದ ಓಪನ್ ಸೋರ್ಸ್ ಸಾಫ್ಟ್‌ವೇರ್.

ಮೊದಲು ಲ್ಯಾಪ್‌ಟಾಪಿನಲ್ಲೇ ಕೈಂಡ್ ಅಥವಾ ಮಿನಿಕ್ಯೂಬ್ ಎಂಬ ಟೂಲ್‌ನಿಂದ ಸಣ್ಣ ಕ್ಲಸ್ಟರ್ (ಕ್ಯೂಬರ್ನೆಟಿಸ್ ಓಡುವ ಜಾಗ) ಮಾಡಿಕೊಳ್ಳಿ. ಕ್ಯೂಬರ್ನೆಟಿಸ್‌ಗೆ ಸಾಫ್ಟ್‌ವೇರ್ ಹಾಕುವ ಹೆಲ್ಮ್ ಟೂಲ್ ಬಳಸಿ ಕ್ರಾಸ್‌ಪ್ಲೇನ್ ಹಾಕಿ. ಆಮೇಲೆ ಪ್ರೊವೈಡರ್, ಅಂದರೆ ಕ್ರಾಸ್‌ಪ್ಲೇನನ್ನು ಒಂದು ಕ್ಲೌಡಿಗೆ ಜೋಡಿಸುವ ಭಾಗ. ಎಡಬ್ಲ್ಯೂಎಸ್ (ಅಮೆಜಾನ್ ಕ್ಲೌಡ್) ಆದರೆ ಎಸ್3ಗೆ ಒಂದು, ಅದರ ಡೇಟಾಬೇಸ್ ಸೇವೆ ಆರ್‌ಡಿಎಸ್‌ಗೆ ಒಂದು ಎಂದು ಬೇರೆ ಬೇರೆ ಇವೆ. ಬೇಕಾದದ್ದನ್ನಷ್ಟೇ ಹಾಕಿ, ಸುಮ್ನೆ ಎಲ್ಲವನ್ನೂ ತುಂಬಿದರೆ ಸಣ್ಣ ಕ್ಲಸ್ಟರ್ ಏದುಸಿರು ಬಿಡುತ್ತದೆ.

ಕ್ಲೌಡ್ ಕೀಗಳನ್ನು ಒಂದು ಸೀಕ್ರೆಟ್‌ನಲ್ಲಿಟ್ಟು (ಕ್ಯೂಬರ್ನೆಟಿಸ್‌ನಲ್ಲಿ ಗುಟ್ಟಿನ ಮಾಹಿತಿ ಇಡುವ ಜಾಗ), ಪ್ರೊವೈಡರ್‌ನ ಸೆಟ್ಟಿಂಗ್ ಆದ ಪ್ರೊವೈಡರ್‌ಕಾನ್ಫಿಗ್‌ನಲ್ಲಿ ಆ ಸೀಕ್ರೆಟ್‌ನ ಹೆಸರು ಬರೆಯಿರಿ. ಎಲ್ಲ ಅಧಿಕಾರವೂ ಇರುವ ರೂಟ್ ಅಕೌಂಟಿನ ಕೀ ಖಂಡಿತ ಬೇಡ.

ಈಗ ಬಕೆಟ್. ಪುಟ್ಟ ಯಾಮಲ್ ಫೈಲ್ (ಸೆಟ್ಟಿಂಗ್‌ಗಳನ್ನು ಬರೆಯುವ ಪಠ್ಯ ಫೈಲ್) ಸಾಕು: ಹೆಸರು, ರೀಜನ್ (ಮುಂಬೈ ಆದರೆ ಎಪಿ-ಸೌತ್-1), ಒಂದು ಟ್ಯಾಗ್. ಬೇರೆ ಯಾರೋ ಇಟ್ಟುಕೊಂಡಿರುವ ಹೆಸರು ನಿಮಗೆ ಸಿಗುವುದಿಲ್ಲ. ಕ್ಯೂಬರ್ನೆಟಿಸ್‌ಗೆ ಆದೇಶ ಕೊಡುವ ಟೂಲ್ ಕ್ಯೂಬ್‌ಸಿಟಿಎಲ್‌ನಲ್ಲಿ ಅಪ್ಲೈ ಕೊಡಿ. ಗೆಟ್ ಕೊಟ್ಟಾಗ ಸಿಂಕ್ಡ್, ರೆಡಿ ಎರಡೂ ಟ್ರೂ ಅಂತ ಬಂದರೆ ಬಕೆಟ್ ತಯಾರು. ಬರದಿದ್ದರೆ ಡಿಸ್ಕ್ರೈಬ್ ಕೊಟ್ಟು ಈವೆಂಟ್ಸ್ ಓದಿ, ಬಹಳ ಸಲ ಪರ್ಮಿಷನ್‌ದೇ ತಕರಾರು.

ನನಗೆ ತುಂಬಾ ಇಷ್ಟವಾದ ಭಾಗ ಮುಂದಿನದು. ಎಡಬ್ಲ್ಯೂಎಸ್ ಕನ್ಸೋಲ್‌ಗೆ (ಅದರ ವೆಬ್ ಪುಟ) ಹೋಗಿ ಆ ಟ್ಯಾಗನ್ನು ಕೈಯಾರೆ ಬದಲಿಸಿ, ಸ್ವಲ್ಪ ಹೊತ್ತು ಕಾಯಿರಿ. ಅದು ಮತ್ತೆ ಮೊದಲಿನಂತಾಗುತ್ತದೆ! ಇಂಥದೇ ಕೆಲಸದ ಇನ್ನೊಂದು ಟೂಲ್ ಟೆರಾಫಾರ್ಮ್ ಆದರೆ ನೀವು ಮತ್ತೊಮ್ಮೆ ಓಡಿಸಬೇಕು. ಕ್ರಾಸ್‌ಪ್ಲೇನ್ ಹಾಗಲ್ಲ, ನೀವು ಬರೆದದ್ದಕ್ಕೂ ಕ್ಲೌಡಿನಲ್ಲಿ ಇರುವುದಕ್ಕೂ ತಾಳೆ ನೋಡುತ್ತಲೇ ಇರುತ್ತದೆ.

ಅದಕ್ಕೇ ಡಿಲೀಟ್ ಬಗ್ಗೆ ಜಾಸ್ತಿ ಹುಷಾರಾಗಿರಿ. ಕ್ಯೂಬ್‌ಸಿಟಿಎಲ್ ಡಿಲೀಟ್ ಕೊಟ್ಟರೆ ಹೋಗುವುದು ಬರೀ ಕ್ಲಸ್ಟರಿನಲ್ಲಿರುವ ದಾಖಲೆ ಅಲ್ಲ, ನಿಜವಾದ ಡೇಟಾಬೇಸೇ ಹೋಗುತ್ತದೆ. ಕ್ರಾಸ್‌ಪ್ಲೇನ್ ಏನೇನು ಮಾಡಬಹುದು ಎಂದು ಯಾಮಲ್‌ನಲ್ಲಿ ಬರೆಯುವ ಪಟ್ಟಿಯಾದ ಮ್ಯಾನೇಜ್‌ಮೆಂಟ್ ಪಾಲಿಸೀಸ್‌ನಲ್ಲಿ ಏನೂ ಬರೆಯದಿದ್ದರೆ ಅಳಿಸುವುದಕ್ಕೂ ನೀವು ಒಪ್ಪಿದಂತೆ, ಆದ್ದರಿಂದ ಮುಖ್ಯವಾದವಕ್ಕೆ ಡಿಲೀಟ್ ಒಂದನ್ನು ಬಿಟ್ಟು ಉಳಿದವನ್ನು ಬರೆಯಿರಿ. ಈಗಾಗಲೇ ಓಡುತ್ತಿರುವ ಡೇಟಾಬೇಸನ್ನು ಇದರಡಿ ತರುವುದಾದರೆ ಮೊದಲು ಅಬ್ಸರ್ವ್ (ಬರೀ ನೋಡುವ ಅನುಮತಿ) ಒಂದನ್ನೇ ಕೊಟ್ಟು ನೋಡಿ.

ಕೈ ಪಳಗಿದ ಮೇಲೆ ಕಾಂಪೊಸಿಷನ್ (ಹಲವನ್ನು ಒಟ್ಟಿಗೆ ಸೃಷ್ಟಿಸುವ ಮಾದರಿ) ಕಲಿಯಿರಿ. 2025ರಲ್ಲಿ ಬಂದ ಕ್ರಾಸ್‌ಪ್ಲೇನ್‌ನ 2ನೇ ಆವೃತ್ತಿಯಲ್ಲಿ ಆಪ್‌ನ ಡಿಪ್ಲಾಯ್‌ಮೆಂಟ್ (ಆಪನ್ನು ಓಡಿಸುವ ಕ್ಯೂಬರ್ನೆಟಿಸ್ ದಾಖಲೆ), ಡೇಟಾಬೇಸ್ ಎರಡನ್ನೂ ಒಂದೇ ಕಾಂಪೊಸಿಷನ್‌ನಲ್ಲಿ ಸೇರಿಸಬಹುದು.

ಕಲಿಕೆ ಮುಗಿದಾಗ ಮೊದಲು ಬಕೆಟ್ ಅಳಿಸಿ, ಅದು ಹೋಗಿದೆಯಾ ಅಂತ ಕನ್ಸೋಲ್‌ನಲ್ಲಿ ನೋಡಿ, ಆಮೇಲಷ್ಟೇ ಕ್ಲಸ್ಟರ್ ಅಳಿಸಿ. ಕ್ಲಸ್ಟರ್ ಮೊದಲು ಹೋದರೆ ಬಕೆಟ್ ಅಲ್ಲೇ ಉಳಿಯುತ್ತದೆ, ಅದರಲ್ಲಿ ಫೈಲುಗಳಿದ್ದರೆ ಬಿಲ್ಲೂ ಬರುತ್ತಿರುತ್ತದೆ.