ಬ್ಲಾಕ್ ಒತ್ತುವ ಮುಂಚೆ ಇಷ್ಟು ಮಾಡಿ

ಹೋದ ದಸರಾದಲ್ಲಿ ಮಂಡ್ಯದಿಂದ ಅಣ್ಣನ ಮಗಳು ರಾತ್ರಿ ಹನ್ನೊಂದೂವರೆಗೆ ಫೋನ್ ಮಾಡಿದಳು. "ಅತ್ತೆ, ಯಾರೋ ಒಬ್ಬ ನಾಲ್ಕು ದಿನದಿಂದ ಮೆಸೇಜ್ ಮಾಡ್ತಾನೇ ಇದಾನೆ, ಏನ್ ಮಾಡ್ಲಿ?" ಮನೆಯಲ್ಲಿ ಕೂರಿಸಿದ್ದ ಗೊಂಬೆಗಳ ಫೋಟೋವನ್ನು ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ್ದಳು, ಅಷ್ಟೇ. ಮೊದಲು "ಹಾಯ್" ಬಂತಂತೆ. ಆಮೇಲೆ "ಊಟ ಆಯ್ತಾ", ಆಮೇಲೆ "ಯಾಕೆ ರಿಪ್ಲೈ ಇಲ್ಲ", ಕೊನೆಗೆ "ಇಷ್ಟೊಂದು ಕೊಬ್ಬಾ ನಿಂಗೆ". ಬೆಳಿಗ್ಗೆ ನಾನು ಮೈಸೂರಿಂದ ರೈಲು ಹತ್ತಿ ಅವರ ಮನೆ ಮುಟ್ಟುವಷ್ಟರಲ್ಲಿ ಅವಳು ಗಾಬರಿಯಿಂದ ಇಡೀ ಚಾಟ್ ಅಳಿಸಿ ಅವನನ್ನು ಬ್ಲಾಕ್ ಮಾಡಿದ್ದಳು. ಎರಡು ದಿನ ಬಿಟ್ಟು ಅವನು ಬೇರೆ ಹೆಸರಲ್ಲಿ ಬಂದ. ಹಳೆಯದನ್ನು ತೋರಿಸೋಣ ಅಂದರೆ ನಮ್ಮ ಕೈಯಲ್ಲಿ ಒಂದೂ ಇರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಆ ಆ್ಯಪ್‌ನಲ್ಲೇ ರಿಪೋರ್ಟ್, ಕೊನೆಗೆ ಬ್ಲಾಕ್. ಈ ಕ್ರಮ ತಪ್ಪಬೇಡಿ.

ಸ್ಕ್ರೀನ್‌ಶಾಟ್ ತೆಗೆಯುವುದರಲ್ಲೂ ಒಂದು ರೀತಿ ಇದೆ. ಇನ್‌ಸ್ಟಾಗ್ರಾಮ್ ಚಾಟನ್ನು ಬೆರಳಿನಿಂದ ಎಡಕ್ಕೆ ಎಳೆದು ಹಿಡಿದರೆ ಪ್ರತಿ ಮೆಸೇಜಿನ ಪಕ್ಕ ಸಮಯ ಕಾಣುತ್ತದೆ, ಹಾಗೆ ಹಿಡಿದುಕೊಂಡೇ ತೆಗೆಯಿರಿ. ಒಬ್ಬರ ಕೈಯಲ್ಲಿ ಆಗದಿದ್ದರೆ ಮನೆಯವರ ಫೋನಿನಿಂದ ವಿಡಿಯೋ ಮಾಡಿ, ನೀವು ಮೊದಲ ಮೆಸೇಜಿನಿಂದ ಕೊನೆಯವರೆಗೆ ನಿಧಾನವಾಗಿ ಸರಿಸುತ್ತಾ ಹೋಗಿ. ಆಮೇಲೆ ಅವನ ಪ್ರೊಫೈಲಿಗೆ ಹೋಗಿ ಮೇಲಿನ ಮೂರು ಚುಕ್ಕಿ ಒತ್ತಿ ಲಿಂಕ್ ಕಾಪಿ ಮಾಡಿಟ್ಟುಕೊಳ್ಳಿ. ಇದನ್ನು ತುಂಬಾ ಜನ ಮರೆಯುತ್ತಾರೆ. ಮೇಲೆ ಕಾಣುವ ಹೆಸರು, ಫೋಟೋ ಎರಡನ್ನೂ ಅವನು ಯಾವಾಗ ಬೇಕಾದರೂ ಬದಲಾಯಿಸಬಹುದು. ಫೇಸ್‌ಬುಕ್‌ನಲ್ಲಂತೂ ಬ್ಲಾಕ್ ಮಾಡಿದ ಮೇಲೆ ಆ ಪ್ರೊಫೈಲ್ ನಿಮಗೇ ಕಾಣುವುದಿಲ್ಲ, ಲಿಂಕ್ ಎಲ್ಲಿಂದ ತರುತ್ತೀರಿ?

ಉತ್ತರ ಕೊಡಬೇಕಾ ಬೇಡ್ವಾ ಅಂತ ಕೇಳುತ್ತಾರೆ. ಲೋನ್ ಕೊಡ್ತೀವಿ, ಮನೆಯಲ್ಲೇ ಕೂತು ದುಡಿಯಿರಿ, ರಿಂಗ್ ರೋಡ್ ಪಕ್ಕ ಸೈಟ್ ಇದೆ ಅನ್ನುವವರಿಗೆ ಒಂದಕ್ಷರವೂ ಬರೆಯಬೇಡಿ, ಬರೆದರೆ ಈ ಕಡೆ ಜನ ಇದ್ದಾರೆ ಅಂತ ಅವರಿಗೆ ಗೊತ್ತಾಗಿ ಇನ್ನೂ ಜಾಸ್ತಿ ಕಳಿಸುತ್ತಾರೆ. ಆದರೆ ಒಬ್ಬನೇ ವ್ಯಕ್ತಿ ಬೆನ್ನು ಬಿದ್ದಿದ್ದರೆ ಒಂದೇ ಒಂದು ಸಲ, ಬೈಗುಳವಿಲ್ಲದೆ ಬರೆಯಿರಿ: "ನೀವು ಮೆಸೇಜ್ ಮಾಡುವುದು ನನಗೆ ಇಷ್ಟವಿಲ್ಲ. ಇನ್ನು ಮಾಡಬೇಡಿ." ಇದಕ್ಕೆ ಕಾರಣವಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ, ಹೆಣ್ಣುಮಗಳು ಇಷ್ಟವಿಲ್ಲ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಗಂಡಸು ಅವಳನ್ನು ಮತ್ತೆ ಮತ್ತೆ ಸಂಪರ್ಕಿಸಲು ನೋಡಿದರೆ ಅದು ಅಪರಾಧ, ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು ಆಗಬಹುದು. ನೀವು ಬೇಡ ಅಂದದ್ದೂ, ಆಮೇಲೆ ಅವನು ಕಳಿಸಿದ್ದೂ ಒಂದೇ ಸ್ಕ್ರೀನ್‌ಶಾಟಿನಲ್ಲಿದ್ದರೆ ನಿಮ್ಮ ಮಾತಿಗೆ ಬಲ ಬರುತ್ತದೆ. ವಾದಕ್ಕೆ ಇಳಿಯಬೇಡಿ. ಅವನಿಗೆ ಬೇಕಾಗಿರುವುದೇ ಮಾತು.

ಪರಿಚಯ ಇಲ್ಲದವರು ಕಳಿಸಿದ್ದು ಇನ್‌ಸ್ಟಾಗ್ರಾಮ್‌ನಲ್ಲಿ ರಿಕ್ವೆಸ್ಟ್ ಅನ್ನುವ ಬೇರೆ ಪಟ್ಟಿಯಲ್ಲಿ ಬಂದು ಕೂತಿರುತ್ತದೆ. ನೀವು ಆಕ್ಸೆಪ್ಟ್ ಮಾಡುವವರೆಗೆ ಓದಿದ್ದು ಅವರಿಗೆ ತಿಳಿಯುವುದಿಲ್ಲ, ಹಾಗಾಗಿ ತೆರೆದು ನೋಡಲು ಭಯ ಬೇಡ. ಬ್ಲಾಕ್ ಮಾಡುವಾಗ ಇನ್‌ಸ್ಟಾಗ್ರಾಮ್ ಅವನ ಬೇರೆ ಖಾತೆಗಳನ್ನೂ, ಮುಂದೆ ತೆರೆಯುವ ಖಾತೆಗಳನ್ನೂ ಸೇರಿಸಿ ಬ್ಲಾಕ್ ಮಾಡುವ ಆಯ್ಕೆ ಕೊಡುತ್ತದೆ. ಅದನ್ನೇ ಆರಿಸಿ.

ಕಷ್ಟ ಇರುವುದು ಗೊತ್ತಿರುವವರ ವಿಷಯದಲ್ಲಿ. ದೂರದ ಸಂಬಂಧಿಕರು, ಪಕ್ಕದ ಬೀದಿಯವರು, ಹಳೇ ಕ್ಲಾಸ್‌ಮೇಟು. ಬ್ಲಾಕ್ ಮಾಡಿದರೆ ಮುಂದಿನ ಮದುವೆಯಲ್ಲಿ ಛತ್ರದ ಬಾಗಿಲಲ್ಲೇ ನಿಲ್ಲಿಸಿ "ಏನಮ್ಮಾ, ನಮ್ಮನ್ನ ಬ್ಲಾಕ್ ಮಾಡಿದ್ಯಂತೆ" ಅಂತಾರೆ. ಇಂಥವರಿಗೆ ಇನ್‌ಸ್ಟಾಗ್ರಾಮ್‌ನಲ್ಲಿ ರಿಸ್ಟ್ರಿಕ್ಟ್ ಅಂತ ಇದೆ. ಅವರ ಕಾಮೆಂಟ್ ಅವರಿಗೆ ಮಾತ್ರ ಕಾಣುತ್ತದೆ, ಮೆಸೇಜ್ ರಿಕ್ವೆಸ್ಟ್‌ಗೆ ಹೋಗುತ್ತದೆ, ನೀವು ಆನ್‌ಲೈನ್ ಇರುವುದು ಅವರಿಗೆ ತಿಳಿಯುವುದಿಲ್ಲ. ರಿಸ್ಟ್ರಿಕ್ಟ್ ಮಾಡಿದ್ದೀರಿ ಅನ್ನುವ ಸೂಚನೆಯೂ ಅವರಿಗೆ ಹೋಗುವುದಿಲ್ಲ.

ಇನ್ನು ಕಾಮೆಂಟ್ ಜಾಗದಲ್ಲಿ ಜಾಹೀರಾತು ಅಂಟಿಸಿ ಹೋಗುವವರು. ನನ್ನ ಗೊಂಬೆ ಫೋಟೋದ ಕೆಳಗೆ, ಪಟ್ಟದ ಗೊಂಬೆ ಚೆನ್ನಾಗಿದೆ ಅಂತ ಯಾರೋ ಬರೆದದ್ದರ ಅಡಿಯಲ್ಲೇ ಸೈಟಿನ ಜಾಹೀರಾತು ಮೂರು ಸಲ ಬಿದ್ದಿತ್ತು. ಇನ್‌ಸ್ಟಾಗ್ರಾಮ್ ಸೆಟ್ಟಿಂಗ್ಸ್‌ನ ಹಿಡನ್ ವರ್ಡ್ಸ್‌ನಲ್ಲಿ ನಿಮಗೆ ಬೇಡದ ಪದಗಳನ್ನು ಸೇರಿಸಿಟ್ಟರೆ ಅಂಥ ಕಾಮೆಂಟ್ ತಾನಾಗಿ ಮರೆಯಾಗುತ್ತದೆ. ಕನ್ನಡದ ಬೈಗುಳಗಳನ್ನು ಕನ್ನಡ ಅಕ್ಷರದಲ್ಲಷ್ಟೇ ಹಾಕಿದರೆ ಸಾಲದು, ಇಂಗ್ಲಿಷ್ ಅಕ್ಷರದಲ್ಲಿ ಜನ ಹೇಗೆಲ್ಲ ಬರೆಯುತ್ತಾರೋ ಅಷ್ಟೂ ರೀತಿಯಲ್ಲಿ ಹಾಕಿ. ಮೊದಲ ಸಲ ಸ್ವಲ್ಪ ಹೊತ್ತು ಹಿಡಿಯುತ್ತದೆ. ಫೇಸ್‌ಬುಕ್‌ನಲ್ಲಿ ನಿಮ್ಮ ಗೋಡೆಯ ಮೇಲೆ ಯಾರು ಬರೆಯಬಹುದು ಅನ್ನುವ ಕಡೆ ಓನ್ಲಿ ಮಿ ಇಡಿ, ಟ್ಯಾಗ್ ಮಾಡಿದ್ದನ್ನು ನೀವು ನೋಡಿ ಒಪ್ಪಿದ ಮೇಲಷ್ಟೇ ನಿಮ್ಮ ಗೋಡೆಗೆ ಬರುವಂತೆ ಮಾಡಿ, ಪ್ರೊಫೈಲ್ ಲಾಕ್ ಹಾಕಿ. ವ್ಯಾಪಾರಕ್ಕೆ ಅಂತ ಫೋನ್ ನಂಬರ್ ಹಾಕಿದ್ದರೆ ಅದು ಮನೆಯ ನಂಬರ್ ಆಗಿರದಿರಲಿ.

ಬೆದರಿಕೆ, ಅಶ್ಲೀಲ ಫೋಟೋ ಅಥವಾ ದುಡ್ಡಿನ ಬೇಡಿಕೆ ಬಂತು ಅಂದರೆ ಕಾಯಬೇಡಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ಕೊಡಬಹುದು, ಹೆಣ್ಣುಮಕ್ಕಳು ಮತ್ತು ಮಕ್ಕಳಿಗೆ ಸಂಬಂಧಿಸಿದ ಅಶ್ಲೀಲ ವಿಷಯಗಳ ಬಗ್ಗೆ ಹೆಸರು ಹೇಳದೆಯೂ ಕೊಡಲು ಅಲ್ಲಿ ಅವಕಾಶ ಇದೆ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ಜೀವಕ್ಕೇ ಭಯ ಅನ್ನಿಸಿದರೆ 112. ಮೈಸೂರಲ್ಲೂ ಮಂಡ್ಯದಲ್ಲೂ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆ ಇದೆ. ಹೋಗುವಾಗ ಸ್ಕ್ರೀನ್‌ಶಾಟುಗಳ ಪ್ರಿಂಟ್, ಲಿಂಕ್, ತಾರೀಖು ಬರೆದ ಒಂದು ಹಾಳೆ, ಜೊತೆಗೆ ಅದೇ ಫೋನ್ ತೆಗೆದುಕೊಂಡು ಹೋಗಿ. ನಿಮ್ಮ ಖಾಸಗಿ ಫೋಟೋ ಹರಡುತ್ತೇನೆ ಅಂತ ಹೆದರಿಸುತ್ತಿದ್ದರೆ, 18 ತುಂಬಿದವರಿಗೆ ಸ್ಟಾಪ್‌ಎನ್‌ಸಿಐಐ ಡಾಟ್ ಆರ್ಗ್ ಅನ್ನುವ ಸೈಟ್ ಇದೆ. ಫೋಟೋ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ, ಅದರ ಬೆರಳಚ್ಚಿನಂಥ ಒಂದು ಗುರುತು ಮಾತ್ರ ಹೋಗುತ್ತದೆ, ಅದನ್ನಿಟ್ಟುಕೊಂಡು ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಂಥ ಕಡೆ ಆ ಫೋಟೋ ಹರಡದಂತೆ ತಡೆಯಲು ನೋಡುತ್ತಾರೆ.

ಮನೆಯಲ್ಲಿರುವ ದೊಡ್ಡವರಿಗೆ ಒಂದು ಮಾತು. ಅಣ್ಣನ ಮಗಳು ನಾಲ್ಕು ದಿನ ಸುಮ್ನೆ ಇದ್ದದ್ದು ಆ ಮೆಸೇಜ್ ಮಾಡುವವನ ಭಯಕ್ಕಲ್ಲ. "ಅಪ್ಪ ಫೋನ್ ಕಿತ್ಕೋತಾರೆ ಅತ್ತೆ" ಅಂದಳು. ಮಗಳು ಬಂದು ಹೇಳಿದಾಗ "ನೀನ್ಯಾಕೆ ಫೋಟೋ ಹಾಕಿದೆ" ಅನ್ನಬೇಡಿ. ಪಕ್ಕದಲ್ಲಿ ಕೂತು, ಅವಳು ಚಾಟ್ ಎಳೆದು ಹಿಡಿದಿರುವಾಗ ಸ್ಕ್ರೀನ್‌ಶಾಟ್ ನೀವು ತೆಗೆಯಿರಿ.